ಪಾಳು ಚರ್ಚಿನ ಹೊಸ್ತಿಲಲ್ಲಿ ಚಪ್ಪಲಿ

ಸಿಡ್ನಿಯ ಉಪನ್ಯಾಸವೊಂದರಲ್ಲಿ, ಕೆಂಪು ಸಮುದ್ರದ ದಡದ ಪ್ರಾಚೀನ ಬಂದರು ಪಟ್ಟಣದಲ್ಲಿ ಅಗೆದು ತೆಗೆದ ಚರ್ಚಿನ ಹಳೆಯ ಫೋಟೋ ಪರದೆಯ ಮೇಲೆ ಬಂತು. "ವಿದ್ಯಾರ್ಥಿಯಾಗಿದ್ದಾಗ ನಾನು ಮಣ್ಣು ಕೆರೆದದ್ದು ಇಲ್ಲೇ!" ಎಂದೆ.

ಪಕ್ಕದಲ್ಲಿ ಕೂತಿದ್ದ, ಧಾರವಾಡದವಳಾದ ಹೆಂಡತಿ ನಕ್ಕಳು. "ಯಾವಾಗ್ಲೂ ಹಿಂಗ ಅಂತೀರಿ. ಫೋಟೋದಾಗ ಎಲ್ಲಿ ಅದೀರಿ, ತೋರಸ್ರಿ?"

ಫೋಟೋದಲ್ಲಿ ಅಗೆಯುತ್ತಿದ್ದವರ ನಡುವೆ ನನ್ನ ಮುಖ ಎಲ್ಲೂ ಇರಲಿಲ್ಲ. ಎಲ್ಲವನ್ನೂ ಅನುಮಾನಿಸುವ ನನಗೆ ನನ್ನ ನೆನಪಿನ ಮೇಲೇ ಅನುಮಾನ ಬಂತು. ನಿಜಕ್ಕೂ ಹೋಗಿದ್ದೆನೇ?

ಮುಂದಿನ ಫೋಟೋ ಚರ್ಚಿನ ಹೊಸ್ತಿಲಿನದು. ಚಾವಣಿ ಇಲ್ಲ, ಗೋಡೆ ಮೊಣಕಾಲೆತ್ತರ. ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಅಗೆಯುತ್ತಿದ್ದರು. ಹೊಸ್ತಿಲ ಹೊರಗೆ ಮಾತ್ರ ಒಂದು ಜೊತೆ ಚಪ್ಪಲಿ ಅಚ್ಚುಕಟ್ಟಾಗಿ ಕೂತಿತ್ತು.

"ಅಯ್ಯ, ಇವು ನಿಮ್ಮವ ರೀ! ದೇವರನ್ನ ನಂಬಂಗಿಲ್ಲ ಅಂತೀರಿ, ಪಾಳು ಚರ್ಚಿಗೂ ಚಪ್ಪಲಿ ಹೊರಗ ಬಿಟ್ಟೀರಿ!"

ಈಗ ಮನೆಯಲ್ಲಿ ನನ್ನ ಉತ್ಖನನದ ಕಥೆಯನ್ನು ಎಲ್ಲರೂ ನಂಬುತ್ತಾರೆ. ನಾನು ನಾಸ್ತಿಕ ಎಂಬುದನ್ನು ಮಾತ್ರ ಯಾರೂ ನಂಬುವುದಿಲ್ಲ.