ಬಣ್ಣದ ಹಂಡೆಯ ಮುಂದಿನ ಹಾಡು

ನನ್ನ ಯಜಮಾನರು ಬಟ್ಟೆಗೆ ಬಣ್ಣ ಹಾಕುವವರು. ಮೊಣಕೈವರೆಗೂ ನೀಲಿ. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನಮ್ಮ ಮನೆಯ ಟವೆಲುಗಳೇ ಅದಕ್ಕೆ ಸಾಕ್ಷಿ. ಮಾತು ಕಡಿಮೆ, ಹಾಡು ಒಂದೇ: ‘ಬಾಗಿಲು ತೆರೆದಿಡು, ನಾನು ಬರುವ ತನಕ.’ ಮದುವೆಯಾದ ಹೊಸದರಲ್ಲಿ ಬೀದಿಯ ತಿರುವಿನಿಂದಲೇ ಅದನ್ನು ಹಾಡಿಕೊಂಡು ಬರುತ್ತಿದ್ದರು. ನಾನು ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಓಡಿ ಚಿಲಕ ತೆಗೆಯುತ್ತಿದ್ದೆ. ಎಷ್ಟು ಪಾತ್ರೆ ತಳ ಹಿಡಿಸಿದ್ದೇನೋ. ಅದು ನನ್ನ ಹಾಡು ಎಂದುಕೊಂಡೇ ನಲವತ್ತೆರಡು ವರ್ಷ ಬಾಳಿದೆ.

ಅವರು ಹೋದ ಮೂರನೇ ವರ್ಷ ಮೊಮ್ಮಗಳ ಮದುವೆ ಗೊತ್ತಾಯಿತು. ಮದುವೆಯ ದಿನ ತಾತನ ಹಾಡು ಹಾಡುತ್ತೇನೆಂದು ಅವಳು ಅಭ್ಯಾಸ ಶುರುಮಾಡಿದಳು. ಬಟ್ಟೆ ಮಡಿಸುತ್ತ ಕೂತಿದ್ದ ನನ್ನ ನಾದಿನಿ, ಅವರ ತಂಗಿ, ಕೈಯಲ್ಲಿದ್ದುದನ್ನು ಕೆಳಗಿಟ್ಟಳು.

“ಆ ಹಾಡು ಬೇಡ ಕಣೆ. ಅಣ್ಣನ ಮದುವೆಗೂ ಮುಂಚೆ, ನಮ್ಮಮ್ಮ ಸಾಯೋವಾಗ ಅವನು ಹಾಸಿಗೆ ಪಕ್ಕ ಕೂತು ಹಾಡಿದ್ದು ಅದು. ಮದುವೆ ಮನೇಲಿ ಅದನ್ನ ಹಾಡಿದ್ರೆ ನಾನು ಎದ್ದು ಹೋಗ್ತೀನಿ.”

“ಹೋಗು ಚಿಕ್ಕಜ್ಜಿ. ತಾತ ನನ್ನನ್ನ ಸೈಕಲ್ ಮೇಲೆ ಶಾಲೆಗೆ ಬಿಡೋವಾಗ ಹಾಡ್ತಿದ್ರು, ಗೇಟ್ ಹಾಕ್ಬಿಟ್ಟಿರ್ತಾರೆ ಅಂತ.” ನನ್ನ ಕಡೆ ತಿರುಗಿದಳು. “ನೀನೇ ಹೇಳಜ್ಜಿ, ಹಾಡ್ಲೋ ಬೇಡ್ವೋ?”

ಇಬ್ಬರೂ ನನ್ನ ಮುಖ ನೋಡಿದರು. ತಾಯಿಯ ಹಾಸಿಗೆಯ ಮಾತನ್ನು ಯಜಮಾನರು ನನಗೆ ಒಂದು ದಿನವೂ ಹೇಳಿರಲಿಲ್ಲ. ಹಾಗಾದರೆ ನಾನು ಅಷ್ಟು ವರ್ಷ ಚಿಲಕ ತೆಗೆದದ್ದು ಯಾರ ಹಾಡಿಗೆ?

ಮರುದಿನ, ಅವರ ಜೊತೆ ಕೆಲಸ ಮಾಡಿದ್ದ ಮುದುಕನನ್ನು ಹುಡುಕಿಕೊಂಡು ಬಣ್ಣದ ಶೆಡ್ಡಿಗೆ ಹೋದೆ. ಹಾಡಿನ ವಿಷಯ ಕೇಳಿದ್ದಕ್ಕೆ ಅವನು ನಕ್ಕ.

“ಅದು ಅವನ ಗಡಿಯಾರ ಅತ್ತಿಗೆ. ಬಟ್ಟೆ ಅದ್ದಿ ಎರಡು ಸಲ ಹಾಡಿ ಎತ್ತಿದ್ರೆ ತಿಳಿ ನೀಲಿ, ಮೂರಕ್ಕೆ ಕಡು ನೀಲಿ. ಕೇಳಿ ಕೇಳಿ ನನ್ ಕಿವಿನೂ ನೀಲಿಯಾಗಿತ್ತು.”

“ಬರೀ ಲೆಕ್ಕಕ್ಕಾ?”

“ನೀವು ಹೊದ್ದಿರೋ ಈ ಶಾಲಿಗೆ ಮಾತ್ರ ನಾಲ್ಕು ಸಲ ಹಾಡಿದ. ‘ಕಪ್ಪಾಗೋಯ್ತಲ್ಲೋ ಮಾರಾಯ’ ಅಂದೆ. ‘ಲೆಕ್ಕ ತಪ್ತು’ ಅಂದ.”

ತಪ್ಪಿದ್ದು ನನ್ನ ನೆನಪಿನಲ್ಲೋ, ತಾಯಿಯ ನೆನಪಿನಲ್ಲೋ, ಬೀಡಿಯ ಯೋಚನೆಯಲ್ಲೋ? ಕೇಳೋಣವೆಂದರೆ ಹೇಳಬೇಕಾದವರೇ ಇಲ್ಲ. ತಿಳಿದುಕೊಳ್ಳಲು ಹೋದವಳು ತಲೆಯನ್ನು ಇನ್ನಷ್ಟು ಕಲಕಿಸಿಕೊಂಡು ಬಂದೆ.

ಕೊನೆಗೆ ಮೊಮ್ಮಗಳಿಗೆ, “ಹಾಡು” ಎಂದೆ. ಮದುವೆಯ ದಿನ ನಾದಿನಿಯ ಪಕ್ಕ, ಬಾಗಿಲ ಕಡೆಗೆ, ಕುರ್ಚಿ ಹಾಕಿಕೊಂಡೆ.

“ಹೋಗೋದಾದ್ರೆ ನನ್ನ ದಾಟ್ಕೊಂಡು ಹೋಗು.”

ಹಾಡು ಶುರುವಾದಾಗ ಅವಳು ಏಳಲಿಲ್ಲ. ನನ್ನ ಶಾಲಿನ ತುದಿ ಹಿಡಿದು ಅತ್ತಳು. ಎದುರು ಸಾಲಿನಲ್ಲಿ ಮುದುಕ ಬೆರಳು ಮಡಿಸುತ್ತಿದ್ದ. ಮೂರು ಸಲ ಹಾಡಿ ಮೊಮ್ಮಗಳು ನಿಲ್ಲಿಸಿದಳು. ಜನ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು.

“ಮುಗೀತಲ್ಲ, ಏಳು ಅತ್ತಿಗೆ,” ಎಂದಳು ನಾದಿನಿ.

“ತಡಿ, ಇನ್ನೊಂದು ಸಲ ಇದೆ,” ಎಂದೆ.

ಯಾಕೆ ಹಾಗೆಂದೆನೋ, ನನಗೇ ತಿಳಿಯಲಿಲ್ಲ.