ಕುರಿದಾರಿಯಲ್ಲಿ ನಾನೇ ಮುಂದು

ಸ್ನೇಹಿತರೇ, ಇವತ್ತು ಹಿರಿಯೂರು ಕಡೆ ವೇದಾವತಿ ದಂಡೆಯ ಕಾಡಿನಲ್ಲಿ ಒಂದು ಸುತ್ತು ನಡೆದು ಬರೋಣವೆಂದು ಮೂವರು ಗೆಳೆಯರನ್ನು ಕರೆದೊಯ್ದಿದ್ದೆ. ದಾರಿ ಕವಲೊಡೆದಲ್ಲೆಲ್ಲ ಹೆಚ್ಚು ಸವೆದದ್ದನ್ನೇ ಹಿಡಿದೆ. "ಸುಮ್ನೆ ಬರ್ರಲೇ, ಗಾಡಿ ನಿಲ್ಸಿದ ಜಾಗಕ್ಕೇ ಹೋಗ್ತೈತೆ" ಎಂದೆ. ಹೋಗಿ ನಿಂತದ್ದು ಮುಳ್ಳುಬೇಲಿಯ ಕುರಿರೊಪ್ಪದೊಳಗೆ.

ಹಿಕ್ಕೆ ಗುಡಿಸುತ್ತಿದ್ದ ಅಜ್ಜಿ ನಕ್ಕರು. "ಇದು ಕುರಿ ತುಳಿದು ಆಗಿರೋ ದಾರಿ ಕಣ್ರಪ್ಪ. ನೀರಿಗೆ ಹೊಳೆಗೆ ಹೋಗ್ತವೆ, ತಿರುಗಿ ರೊಪ್ಪಕ್ಕೆ ಬರ್ತವೆ. ನಿಮ್ಮಲ್ಲಿ ಮುಂದೆ ಬಂದೋನು ಯಾರು?"

ಮೂವರೂ ನನ್ನತ್ತ ಕೈ ತೋರಿಸಿದರು.

"ಹಂಗಾರೆ ಮಂದೆ ಮುಂದೆ ಹೋಗೋ ಟಗರಿಗೆ ಕಟ್ಟೋ ಗಂಟೇನ ಇವನ ಕೊರಳಿಗೆ ಕಟ್ಬೇಕು."

ಆಗಿನಿಂದ ಗೆಳೆಯರು ನನ್ನನ್ನು ಟಗರು ಎಂದೇ ಕರೆಯುತ್ತಿದ್ದಾರೆ. ಕರೆಯಲಿ ಬಿಡಿ. ಟಗರಿನ ಹಿಂದೆ ಬರುವವರನ್ನು ಏನನ್ನುತ್ತಾರೆ ಎಂಬುದು ಮೂವರಿಗೂ ಇನ್ನೂ ಹೊಳೆದಿಲ್ಲ.