‘ಸಬ್ ಠೀಕ್ ಹೈ’ ಅಂದ ಕಾಟಾ

ನಾಗಪುರದ ನಮ್ಮ ಆಫೀಸಿನಿಂದ ಹೋಗಿ, ಸಾವನೇರ್ ಕಡೆ ಕಲ್ಲಿದ್ದಲು ಲಾರಿ ತೂಗುವ ಕಾಟಾ ಒಂದಕ್ಕೆ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಅದರಲ್ಲಿ ತೂಕ ಪ್ರಿಂಟ್ ಮಾಡುವ ಭಾಗದಿಂದ, ಅಂದರೆ ಫಂಕ್ಷನ್ನಿನಿಂದ, ಹೊರಬರುವ ಸಾಲುಗಳನ್ನು ಪರದೆಗೆ ಬಿಡದೆ, ಓದಿ ಹೇಳುವ ಇನ್ನೊಂದು ಕಮಾಂಡಿಗೆ ತಿರುಗಿಸಿದ್ದೆ. ಹೊರಗಿನ ಮೈಕು ಅದನ್ನು ಹಿಂದಿಯಲ್ಲಿ ಕೂಗುತ್ತಿತ್ತು.

ವಾರ ಬಿಟ್ಟು ನೋಡಲು ಹೋದರೆ, ನನ್ನ ಕಣ್ಣೆದುರೇ ಒಬ್ಬ ಡ್ರೈವರ್ ಮೈಕು ತೂಕ ಕೂಗುವ ಮೊದಲೇ ಕಾಟಾದಿಂದ ಲಾರಿ ಹೊರಡಿಸಿದ. ಓಡಿಹೋಗಿ ಅಡ್ಡ ನಿಂತೆ.

“ಕ್ಯಾ ಸಾಬ್, ಮಷೀನೇ ‘ಸಬ್ ಠೀಕ್ ಹೈ’ ಬೋಲಾ ನಾ!” ಎಂದು ನನ್ನನ್ನೇ ಗದರಿದ.

ಮಷೀನು ‘ಎಲ್ಲ ಸರಿ ಇದೆ’ ಎಂದು ಬೋಲಿದ್ದು ನಿಜ. ಪ್ರೋಗ್ರಾಮ್ ತೂಕದ ಸಾಲಿನವರೆಗೆ ಬಂದು ಮುಟ್ಟಿತು ಎಂದು ತಿಳಿಯಲು ನನಗಾಗಿ ಬರೆದುಕೊಂಡು, ಅಳಿಸಲು ಮರೆತ ಸಾಲು ಅದು. ಫಂಕ್ಷನ್ ಪ್ರಿಂಟ್ ಮಾಡಿದ್ದೆಲ್ಲ ಮೈಕಿಗೆ ಹೋಗುತ್ತಿದ್ದುದರಿಂದ ಅದೂ ಹೋಗಿತ್ತು. ಅದನ್ನು ಅಳಿಸಿ ಬಂದೆ.

ಮರುದಿನ ಬೆಳಿಗ್ಗೆಯೇ ಕಾಟಾ ನೋಡಿಕೊಳ್ಳುವ ಕಾಕಾನ ಫೋನು. ತೂಕ ಕೂಗಿದರೂ ಯಾರೂ ಕಾಟಾದಿಂದ ಇಳಿಯುತ್ತಿಲ್ಲವಂತೆ, ಹಿಂದೆ ರಸ್ತೆಯವರೆಗೆ ಲಾರಿಗಳು ನಿಂತಿವೆಯಂತೆ. “ಸಾಹೇಬ್, ಮಷೀನ್ ‘ಸಬ್ ಠೀಕ್’ ಅನ್ನೋ ತನಕ ಗಾಡಿ ತೆಗೆಯೋದಿಲ್ಲ ಅಂತ ಕೂತಿದ್ದಾರೆ. ಜಲ್ದಿ ಏನಾದರೂ ಮಾಡಿ!”

ಸಾಲನ್ನು ವಾಪಸ್ ಹಾಕಿದೆ, ಈ ಸಲ ತೂಕ ಹೇಳಿದ ಮೇಲೆ. ಅಷ್ಟೂ ಪ್ರೋಗ್ರಾಮಿನಲ್ಲಿ ಏನನ್ನೂ ಪರೀಕ್ಷೆ ಮಾಡದ ಸಾಲು ಅದೊಂದೇ; ಡ್ರೈವರುಗಳು ನಂಬುವುದೂ ಅದೊಂದನ್ನೇ.